ಮಾಯಾನಗರಿಯ ಪ್ರವೇಶಕ್ಕೆ ಸಕಾಲವಾವುದು?

ಮದುವೆಗೆ, ಮುಂಜಿಗೆ, ಗೃಹಪ್ರವೇಶಕ್ಕೆ ಮುಹೂರ್ತವನ್ನು ನೋಡುವುದು ನಮ್ಮಲ್ಲಿ ವಾಡಿಕೆ. ಆಟವನ್ನಾರಂಭಿಸುವುದಕ್ಕೂ ಮುಹೂರ್ತವುಂಟೇ ಎಂದು ವಾಚಕರು ನಗಬಹುದು. ಆದರೆ ಅಂತರ್ಜಾಲದಲ್ಲಿ ಸಹಸ್ರಾರು ಮಂದಿ ಏಕಕಾಲಕ್ಕೆ ಕೂಡಿ, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ ಆಡುವ ಆಟಗಳ ವಿಷಯದಲ್ಲಿ ಈ ಪ್ರಶ್ನೆಯು ನಗುವಂಥದಲ್ಲ. ಚದುರಂಗದ ಹಲಗೆಯನ್ನು ಇಂದು ಹಾಸಿದರೂ ಹತ್ತು ವರ್ಷಗಳ ತರುವಾಯ ಹಾಸಿದರೂ ಕಾಯಿಗಳು ಅವೇ, ಮನೆಗಳು ಅವೇ. ಈ ಆಟಗಳಾದರೋ ಊರುಗಳಿದ್ದಂತೆ. ನಾವು ಮಲಗಿರುವಾಗಲೂ ಅಲ್ಲಿ ಸಂತೆ ನೆರೆಯುತ್ತದೆ, ಯುದ್ಧ ನಡೆಯುತ್ತದೆ, ಸ್ನೇಹಗಳು ಬೆಳೆಯುತ್ತವೆ. "ಈಗ ಸೇರಿದರೆ ತಡವಾಯಿತೇನೋ, ಹೊಸ ಭಾಗ ಬರುವವರೆಗೆ ಕಾಯುವುದು ಲೇಸೇನೋ" ಎಂದು ಮನೆಯ ಮಕ್ಕಳು ತರ್ಕಿಸುವುದನ್ನು ಕೇಳುವ ಹಿರಿಯರಿಗೂ, ತಾವೇ ಆಡಬಯಸುವ ಹಿರಿಯರಿಗೂ ಇದರ ಒಳಗುಟ್ಟು ತಿಳಿದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲ ದಿನವೇ ಹೋಗಬೇಕೆನ್ನುವವರ ವಾದವನ್ನು ಮೊದಲು ನೋಡೋಣ. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯವರು 2010ರ ಸೆಪ್ಟೆಂಬರಿನಲ್ಲಿ 'ಫೈನಲ್ ಫ್ಯಾಂಟಸಿ 14' ಎಂಬ ಆಟವನ್ನು ಹೊರತಂದರು. ಅದರ ಕುಂದುಗಳು ಎಷ್ಟಿದ್ದುವೆಂದರೆ, ಕಂಪನಿಯವರು ಆಟಗಾರರ ಕ್ಷಮೆ ಕೇಳಿ, ಚಂದಾ ವಸೂಲಿಯನ್ನು ತಡೆದು, ನವೋಕಿ ಯೋಶಿದಾ ಎಂಬವರ ಕೈಗೆ ಹೊಣೆಯನ್ನೊಪ್ಪಿಸಬೇಕಾಯಿತು. ಅವರು ಹಳೆಯ ಮನೆಗೆ ತೇಪೆ ಹಾಕುತ್ತಲೇ ಮಗ್ಗುಲಲ್ಲಿ ಹೊಸ ಮನೆಯನ್ನು ಕಟ್ಟಿಸಿದರು. 2012ರ ನವೆಂಬರ್ 11ರಂದು ಹಳೆಯ ಲೋಕವನ್ನು ಮುಚ್ಚಿದ ಬಗೆಯಂತೂ ಸ್ವಾರಸ್ಯವಾದುದು. ಆ ಲೋಕದ ಆಕಾಶದಲ್ಲಿ ದಿನೇ ದಿನೇ ದೊಡ್ಡದಾಗುತ್ತ ಬಂದಿದ್ದ ಕೆಂಪು ಚಂದ್ರವು ಕಡೆಗೆ ಕೆಳಕ್ಕಿಳಿದು ಪ್ರಳಯವಾಯಿತು. ಹೊಸ ಲೋಕವು ತೆರೆದದ್ದು 2013ರ ಆಗಸ್ಟಿನಲ್ಲಿ. ಮೊದಲು ಬಂದವರಿಗೆ ದಕ್ಕಿದ್ದು ಹರಕುಮುರುಕು ಆಟವೇ ಸರಿ. ಆದರೆ ಆ ಪ್ರಳಯವನ್ನು ಒಳಗೆ ನಿಂತು ಕಂಡವರು ಅವರು ಮಾತ್ರ. ತಡವಾಗಿ ಬಂದವರಿಗೆ ಅದು ಕೇಳಿದ ಕಥೆ.

ಆಟವು ಸುಧಾರಿಸಿದ ಮೇಲೂ ಮೊದಲ ದಿನದ ನೂಕುನುಗ್ಗಲು ತಪ್ಪಲಿಲ್ಲ. 2021ರ ಡಿಸೆಂಬರಿನಲ್ಲಿ 'ಎಂಡ್‌ವಾಕರ್' ಎಂಬ ಹೊಸ ಕಾಂಡವು ಬಂದಾಗ ಒಳಹೋಗಲು ತಾಸುಗಟ್ಟಲೆ ಸರದಿಯಲ್ಲಿ ಕಾಯುವಂತಾಗಿ, ಕಂಪನಿಯವರು ತಮ್ಮ ಆಟದ ಮಾರಾಟವನ್ನೇ ಕೆಲವು ವಾರ ನಿಲ್ಲಿಸಿದರು! ಕೊಳ್ಳುವವರು ಹೆಚ್ಚಿದರೆಂದು ಅಂಗಡಿಯ ಬಾಗಿಲು ಹಾಕಿದ ವರ್ತಕರನ್ನು ಬೇರೆಲ್ಲಿ ಕಾಣಬೇಕು? ಸಂಬಳದ ಕೆಲಸಕ್ಕೆ ರಜೆ ಹಾಕಿ ಸರದಿಯಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದು ತಿಂಗಳು ತಾಳಿದರೆ ಅದೇ ಬಾಗಿಲು ಸುಗಮವಾಗಿ ತೆರೆಯುತ್ತದೆ.

ಇನ್ನು ತಡವಾಯಿತೆಂದು ಕೊರಗುವವರ ಪಾಡು. ಇಂಥ ಆಟಗಳಲ್ಲಿ ಪಾತ್ರದ ಬಲವನ್ನು ಲೆವೆಲ್ ಎಂಬ ಮೆಟ್ಟಿಲುಗಳಿಂದ ಅಳೆಯುತ್ತಾರೆ. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಸುಪ್ರಸಿದ್ಧ ಆಟದಲ್ಲಿ ತುದಿಯ ಮೆಟ್ಟಿಲು 60ನೆಯದಾಗಿತ್ತು. 2007ರಲ್ಲಿ ಅದು 70 ಆಯಿತು. 2018ರ ವೇಳೆಗೆ 120. ಬುಡದಲ್ಲಿ ನಿಂತ ಹೊಸಬನು ಕತ್ತೆತ್ತಿ ನೋಡಿ ಹಿಂದಿರುಗಿದರೆ ಆಶ್ಚರ್ಯವೇನು? ಆದುದರಿಂದ 2020ರಲ್ಲಿ ಕಂಪನಿಯವರೇ ಏಣಿಯನ್ನು ಕುಗ್ಗಿಸಿದರು. 120ರಲ್ಲಿ ನಿಂತಿದ್ದವರು 50ಕ್ಕಿಳಿದರು. ತುದಿಯು ಮತ್ತೆ 60 ಆಯಿತು. ಅಲ್ಲದೆ ಪ್ರತಿಯೊಂದು ಹೊಸ ಕಾಂಡದಲ್ಲಿಯೂ ಹಳಬರು ಕಷ್ಟಪಟ್ಟು ಸಂಪಾದಿಸಿದ ಕತ್ತಿ ಕವಚಗಳು ಹಿಂದೆ ಬಿದ್ದು, ಹೊಸ ಆಯುಧಗಳ ಬೇಟೆಯು ಎಲ್ಲರಿಗೂ ಮೊದಲಿನಿಂದ ಆರಂಭವಾಗುತ್ತದೆ. ಆದಕಾರಣ ಇಲ್ಲಿ ತಡವೆಂಬುದು ಕಂಡಷ್ಟು ದೊಡ್ಡದಲ್ಲ. ನಮ್ಮ ಬಯಲಾಟಗಳನ್ನೇ ನೋಡಿರಿ. ಕೋಡಂಗಿ, ಬಾಲಗೋಪಾಲರ ಕುಣಿತ ಮುಗಿದ ಮೇಲೆ ಊಟ ಮುಗಿಸಿ ಬಂದು ಕುಳಿತವನಿಗೆ ಪ್ರಸಂಗವೇನೂ ತಪ್ಪಿಹೋಗದು.

ಆದರೆ ಎಂದೆಂದಿಗೂ ಕಾಯುತ್ತಲೇ ಇರುವಂತೆಯೂ ಇಲ್ಲ. 2004ರಲ್ಲಿ ಆರಂಭವಾದ 'ಸಿಟಿ ಆಫ್ ಹೀರೋಸ್' ಎಂಬ ಲೋಕವನ್ನು ಅದರ ಒಡೆಯರು 2012ರ ನವೆಂಬರ್ 30ರಂದು ಮುಚ್ಚಿಬಿಟ್ಟರು. ಸುದ್ದಿ ತಿಳಿದ ಆಟಗಾರರು ಆ ನಗರದ ಚೌಕದಲ್ಲಿ ಪಂಜುಗಳನ್ನು ಹಿಡಿದು ನೆರೆದರೂ ಫಲವಾಗಲಿಲ್ಲ. ಅಭಿಮಾನಿಗಳು 2019ರಲ್ಲಿ ಅದನ್ನು ತಾವಾಗಿ ಮರಳಿ ನಡೆಸತೊಡಗಿ, 2024ರಲ್ಲಿ ಒಡೆಯರಿಂದ ಅಪ್ಪಣೆಯನ್ನೂ ಪಡೆದರು. ಎಲ್ಲ ಲೋಕಗಳಿಗೂ ಅಂಥ ಪುನರ್ಜನ್ಮ ದೊರೆಯದು.

ಹೀಗೆ ಆಟದ ಪಂಚಾಂಗವನ್ನು ತಿರುವಿದಷ್ಟೂ ಸ್ಪಷ್ಟ ಉತ್ತರವು ದೊರೆಯುವುದಿಲ್ಲ. ನೋಡಬೇಕಾದುದು ಮನೆಯ ಪಂಚಾಂಗವನ್ನು. ಪರೀಕ್ಷೆ ಮುಗಿದ ಬೇಸಗೆಯ ರಜೆಯಲ್ಲಿ ಆರಂಭಿಸಬಹುದೆಂದು ತಂದೆತಾಯಿಗಳು ಸಾಮಾನ್ಯವಾಗಿ ಅನುಮತಿ ಕೊಡುತ್ತಾರೆ. ನಮ್ಮ ಮತವು ಇದಕ್ಕೆ ವಿರುದ್ಧವಾದುದು. ರಜೆಯಲ್ಲಿ ದಿನಕ್ಕೆ ಆರು ತಾಸಿನ ರೂಢಿ ಬೆಳೆದರೆ ಜೂನ್ ತಿಂಗಳಿನಲ್ಲಿ ಅದನ್ನು ಒಂದಕ್ಕಿಳಿಸುವುದು ಬಹು ಕಷ್ಟ. ಪಾಠ, ಅಡಿಗೆ, ಕಚೇರಿ ಎಲ್ಲವೂ ಇರುವ ಸಾಧಾರಣ ವಾರವೊಂದರಲ್ಲಿ ತೊಡಗಿದರೆ, ಈ ಆಟವು ನಮ್ಮ ದಿನದಲ್ಲಿ ಎಷ್ಟನ್ನು ಕೇಳುತ್ತದೆಂಬುದು ಮೊದಲ ವಾರದಲ್ಲಿಯೇ ಗೊತ್ತಾಗುತ್ತದೆ. ಹಣದ ಚಿಂತೆಯೂ ಆರಂಭದಲ್ಲಿ ಬೇಕಿಲ್ಲ; ಮೇಲೆ ಹೇಳಿದ ಜಪಾನೀ ಆಟದಲ್ಲಿ 2023ರಿಂದೀಚೆಗೆ 70ನೆಯ ಮೆಟ್ಟಿಲಿನವರೆಗೆ, ದಿನಗಳ ಮಿತಿಯಿಲ್ಲದೆ, ಬಿಟ್ಟಿಯಾಗಿ ಆಡಲು ಅವಕಾಶವಿದೆ.

ವೇಳೆಯ ಲೆಕ್ಕ ಇನ್ನೊಂದುಂಟು. ದೊಡ್ಡ ಕಾಳಗಗಳನ್ನು ಒಬ್ಬಂಟಿಯಾಗಿ ಗೆಲ್ಲಲಾಗದು, ತಂಡ ಬೇಕು. ತಂಡದವರು ಇಂಗ್ಲೆಂಡಿನವರಾದರೆ, ಚಳಿಗಾಲದಲ್ಲಿ ಅವರ ರಾತ್ರಿ ಎಂಟು ಘಂಟೆಯೆಂದರೆ ನಮಗೆ ರಾತ್ರಿ ಒಂದೂವರೆ. ಜಪಾನಿನವರಾದರೆ ಅವರ ಒಂಬತ್ತು ನಮ್ಮ ಸಂಜೆಯ ಐದೂವರೆ. ಯಾರೊಡನೆ ಆಡುತ್ತೇವೆಂಬುದನ್ನು ನಿಶ್ಚಯಿಸದೆ ಯಾವಾಗ ಆಡುತ್ತೇವೆಂಬುದನ್ನು ನಿಶ್ಚಯಿಸುವಂತಿಲ್ಲ.

ಜೊತೆಗಾರರ ವಿಷಯವು ಬಂದುದರಿಂದ ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನ ಕಥೆಯನ್ನು ಹೇಳಲೇಬೇಕು. ಮಾಂಸಖಂಡಗಳು ಕ್ರಮೇಣ ಕ್ಷೀಣಿಸುವ ಡುಷೆನ್ ಎಂಬ ರೋಗದಿಂದ ಗಾಲಿಕುರ್ಚಿ ಹಿಡಿದ ಈತನು ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ 'ಐಬೆಲಿನ್' ಎಂಬ ಹೆಸರಿನಿಂದ ಓಡಾಡುತ್ತಿದ್ದನು. ಮಗನು ಕೋಣೆಯಲ್ಲಿ ಒಂಟಿಯಾಗಿ ಕಾಲ ಕಳೆಯುತ್ತಿದ್ದಾನೆಂದೇ ತಂದೆತಾಯಿಗಳು ಮರುಗುತ್ತಿದ್ದರು. 2014ರ ನವೆಂಬರಿನಲ್ಲಿ ಆತನು ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ತಂದೆಯು ಮಗನ ಬರಹಗಳ ಪುಟದಲ್ಲಿ ಮರಣವಾರ್ತೆಯನ್ನು ಬರೆದನು. ನಾನಾ ದೇಶಗಳಿಂದ ಓಲೆಗಳು ಬರತೊಡಗಿದುವು. ತಮ್ಮ ದುಃಖದಲ್ಲಿ ಮಾಟ್ಸ್ ಹೇಗೆ ಸಮಾಧಾನ ಹೇಳಿದನೆಂದು ಕಂಡರಿಯದ ಜನ ಬರೆದಿದ್ದರು. 'ಸ್ಟಾರ್‌ಲೈಟ್' ಎಂಬ ಆತನ ತಂಡದ ಕೆಲವರು ಅಂತ್ಯಕ್ರಿಯೆಗೆ ಪರದೇಶದಿಂದ ಬಂದರು. ಈ ಕಥೆಯು 2024ರಲ್ಲಿ ಸಾಕ್ಷ್ಯಚಿತ್ರವಾಗಿ ಲೋಕಕ್ಕೆಲ್ಲ ತಿಳಿಯಿತು.

ಆದಕಾರಣ ಬಂಧುಮಿತ್ರರಲ್ಲಿ ಇಬ್ಬರು ಮೂವರು ಸಿದ್ಧರಾದ ದಿನವೇ ಒಳ್ಳೆಯ ದಿನವೆಂದು ನಮಗೆ ತೋರುತ್ತದೆ. ಆದರೆ ಒಬ್ಬನು ರಾತ್ರಿಯೆಲ್ಲ ಆಡಿ ಮೆಟ್ಟಿಲು ಹತ್ತಿಹೋದರೆ ಉಳಿದವರ ಉತ್ಸಾಹ ಕುಗ್ಗುತ್ತದೆ. ಮೊದಲ ತಿಂಗಳಾದರೂ ಕೂಡಿ ಹತ್ತುವ ಕರಾರಿರಬೇಕು. ಬೆಂಗಳೂರಿನಲ್ಲಿ ಶನಿವಾರ ಬೆಳಗಿನ ಎಂಟು ಘಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಶುಕ್ರವಾರ ಸಂಜೆ ಆರೂವರೆ. ಇಲ್ಲಿಯ ತಮ್ಮನೂ ಅಲ್ಲಿಯ ಅಣ್ಣನೂ ಕೂಡಲು ಇದಕ್ಕಿಂತ ಅನುಕೂಲದ ವೇಳೆಯು ಸಿಕ್ಕಲಾರದು. ಅಂದು ತಿಂಡಿಗೆ ಬರುವುದು ಒಂದಿಷ್ಟು ತಡವಾದರೆ ತಾಯಂದಿರು ಮನ್ನಿಸಬೇಕು.