ಉತ್ತಂಗಿ ಚನ್ನಪ್ಪನವರ ಸಭಾಸೇವೆ ಮತ್ತು ವಚನಾಧ್ಯಯನ

ಮಂಗಳೂರಿನ ಬಾಸೆಲ್ ಮಿಷನ್ ದೈವಜ್ಞಾನ ಶಾಲೆಯಲ್ಲಿ ಶಿಕ್ಷಣ ಪಡೆದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು (1881-1962) ಸಾಮಾನ್ಯವಾಗಿ ಸಂಶೋಧಕರೆಂದೇ ಸ್ಮರಿಸಲಾಗುತ್ತದೆ. ಅವರ ಸಭಾಪಾಲನೆಯ ಮಾತು ಹಿಂದೆ ಸರಿಯುತ್ತದೆ. ಈ ವಿಂಗಡಣೆ ಸಾಧುವಲ್ಲ. ಸುವಾರ್ತೆಯನ್ನು ಸಾರುವವನು ಕೇಳುಗರ ನುಡಿಯನ್ನೂ ನಂಬಿಕೆಯನ್ನೂ ಚೆನ್ನಾಗಿ ಅರಿತಿರಬೇಕೆಂಬುದು ಬಾಸೆಲ್ ಪರಂಪರೆಯ ಶಿಸ್ತಾಗಿತ್ತು. ಕಿಟೆಲರ ನಿಘಂಟು (1894) ಅದರದೇ ಫಲ. ಉತ್ತಂಗಿಯವರಾದರೋ ಆ ಶಿಸ್ತನ್ನು ಧರ್ಮಪ್ರಸಾರದ ಪ್ರಯೋಜನದಿಂದಾಚೆಗೂ ಒಯ್ದರು. 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ್ದು ಒಬ್ಬ ಕ್ರೈಸ್ತ ಪಾದ್ರಿಯೆಂಬುದು ಇಂದಿನ ಓದುಗರಿಗೆ ಅಚ್ಚರಿಯಾದೀತು, ಅವರಿಗಾಗಿರಲಾರದು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಬರೆದವರೇ 'ಅನುಭವ ಮಂಟಪದ ಐತಿಹಾಸಿಕತೆ'ಯನ್ನೂ ಬರೆದರು. ಮೊದಲ ಕೃತಿಯ ಹೆಸರಿನಲ್ಲಿರುವುದು ವಿನಂತಿ, ಖಂಡನೆಯಲ್ಲ. ಅನ್ಯಮತವನ್ನು ಅಲ್ಲಗಳೆಯದೆ ಸ್ವಮತದಲ್ಲಿ ದೃಢವಾಗಿ ನಿಲ್ಲುವ ಆ ಧಾಟಿಯನ್ನು ಅವರ ವಚನಾಧ್ಯಯನದಿಂದ ಬೇರ್ಪಡಿಸಿ ಓದಲಾಗದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರೂ ಇದೇ ಪಾದ್ರಿ.