ರೀಚಾರ್ಜ್ ಮುಗಿದರೆ ಓದೂ ಮುಗಿಯಬೇಕೇ?

ಯಾದಗಿರಿ, ಶಹಾಪುರ, ಸುರಪುರದ ಮಕ್ಕಳು ಮತ್ತು ಸದನದಲ್ಲಿ ಎಣಿಕೆಯಾಗದ ಮತಗಳು

ನಮ್ಮ ಮನೆಯ ಮೇಲಿನ ಅಂತಸ್ತಿಗೆ ಕಾಂಕ್ರೀಟ್ ಹಾಕಲು ಬಂದಿದ್ದ ತಂಡದ ಮೇಸ್ತ್ರಿ ಶಹಾಪುರ ಕಡೆಯವರು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅವರ ಫೋನ್ ರಿಂಗಾಯಿತು. ಆ ಕಡೆಯಿಂದ ಮಗಳು. ಹತ್ತನೇ ಕ್ಲಾಸು, ಊರಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಗಣಿತದ ಟೀಚರ್ ವಾಟ್ಸ್‌ಆ್ಯಪ್‌ನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಹಾಕಿದ್ದಾರೆ. ಅದು ಬಂದಿರುವುದು ಅಪ್ಪನ ಫೋನಿಗೆ. ಅಪ್ಪ ಇರುವುದು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ಮಂಗಳೂರಿನಲ್ಲಿ. ಮಗಳು ಪಕ್ಕದ ಮನೆಯವರ ಕೀಪ್ಯಾಡ್ ಫೋನಿನಿಂದ ಮಾತನಾಡುತ್ತಿದ್ದಾಳೆ. ಸಿಮೆಂಟ್ ಮೆತ್ತಿದ ಬೆರಳಲ್ಲಿ ಸ್ಕ್ರೀನ್ ಸರಿಸುತ್ತಾ, ತಮಗೆ ಗೊತ್ತಾದಷ್ಟು ಒಂದೊಂದೇ ಲೆಕ್ಕವನ್ನು ಅವರು ಓದಿ ಹೇಳಿದರು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಫೋನಿನವರು ಫೋನ್ ವಾಪಸ್ ಕೇಳಿದರು. ಕಾಲ್ ಕಟ್ ಆಯಿತು.

"ಫೋನ್ ಒಂದೇ ಅದರಿ ಸಾಹೇಬ್ರ. ಅದು ನನ್ ಕೈಯಾಗ ಇದ್ರ ಕೆಲಸ ಸಿಗ್ತದ, ಆಕಿ ಕೈಯಾಗ ಇದ್ರ ಓದು ಆಗ್ತದ. ಎರಡೂ ಹೆಂಗ್ ಮಾಡೂದ್ರಿ?" ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯೊಳಗೆ ಆ ಹೊತ್ತಿಗೆ ನಾಲ್ಕು ಫೋನು, ಒಂದು ವೈಫೈ ಇತ್ತು.

ಕರಾವಳಿಯ ಕಟ್ಟಡ ಕೆಲಸದಲ್ಲಿ ಉತ್ತರ ಕರ್ನಾಟಕದ ಬೆವರು ಎಷ್ಟಿದೆ ಎಂಬುದು ನಮಗೆಲ್ಲ ಗೊತ್ತು. ಮಳೆ ಕೈಕೊಟ್ಟರೆ, ಬಿತ್ತನೆ ಮುಗಿದರೆ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ನಮ್ಮ ಬಾಪಂದಿರು ಗಲ್ಫ್‌ಗೆ ಹೋದ ಹಾಗೆಯೇ ಇದೂ. ಒಂದೇ ವ್ಯತ್ಯಾಸವೆಂದರೆ ಗಲ್ಫ್‌ನ ದುಡ್ಡಿನಲ್ಲಿ ನಮ್ಮ ಮಕ್ಕಳು ಓದಿದರು. ಗುಳೆಯ ದುಡ್ಡು ಹೊಟ್ಟೆಗೇ ಸರಿಹೋಗುತ್ತದೆ.

ಯಾದಗಿರಿ 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದು ಹಿಂದುಳಿದ ನೆಲ ಎಂದಷ್ಟೇ ತಿಳಿದವರಿಗೆ ಒಂದು ಮಾತು. ಬಿಜಾಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾಹನ ಸಮಾಧಿ ಇರುವುದು ಶಹಾಪುರ ತಾಲೂಕಿನ ಗೋಗಿಯಲ್ಲಿ, ಹಝ್ರತ್ ಚಂದಾ ಹುಸೈನಿಯವರ ದರ್ಗಾದ ಬಳಿ. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ಊರು ಸುರಪುರ. ಇತಿಹಾಸಕ್ಕೆ ಅಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅಕ್ಷರಕ್ಕೆ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83. ರಾಜ್ಯದಲ್ಲೇ ಕೊನೆ. ಹೆಣ್ಣುಮಕ್ಕಳದ್ದು ಶೇ. 41.38. ಅದೇ ಗಣತಿಯಲ್ಲಿ ನಮ್ಮ ದಕ್ಷಿಣ ಕನ್ನಡ ಶೇ. 88.57. 2024ರ ಎಸೆಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 92.12, ಯಾದಗಿರಿ ಶೇ. 50.59. 2025ರ ದ್ವಿತೀಯ ಪಿಯುಸಿಯಲ್ಲಿ ನಮ್ಮದು ಶೇ. 93.57, ಅವರದು ಶೇ. 48.45. ಎರಡೂ ಬಾರಿ ಯಾದಗಿರಿಗೆ ಕೊನೆಯ ಸ್ಥಾನ. ಇದಕ್ಕೆಲ್ಲ ಇಂಟರ್ನೆಟ್ ಇಲ್ಲದಿರುವುದೇ ಕಾರಣ ಎಂದರೆ ತಪ್ಪಾದೀತು. ಟೀಚರ್‌ಗಳ ಕೊರತೆ, ಗುಳೆ, ಹತ್ತಿ ಬಿಡಿಸುವ ಕಾಲದಲ್ಲಿ ಖಾಲಿಯಾಗುವ ಬೆಂಚು, ಬೇಗ ಮಾಡುವ ಮದುವೆ ಎಲ್ಲವೂ ಇವೆ. ಆದರೆ ಇಷ್ಟೆಲ್ಲ ದಾಟಿ ಬಂದ ಮಗುವಿನ ಓದು ಒಂದು ರೀಚಾರ್ಜ್‌ಗೆ ನಿಂತುಹೋಗುವುದು ನ್ಯಾಯವೇ?

ಕೊಡೆ ಹಿಡಿದ ತಂದೆ

ನೆಟ್ ಇಲ್ಲದಿದ್ದರೆ ಓದು ಹೇಗೆ ನಿಲ್ಲುತ್ತದೆ ಎಂಬುದು ನಮಗೂ ಗೊತ್ತಿದೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಫೋಟೋ ದೇಶವೆಲ್ಲ ಸುತ್ತಿತು. ಜಡಿಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅದಕ್ಕೂ ಮುಂಚೆ, 2020ರಲ್ಲಿ, ಸರಕಾರ ಚಂದನ ವಾಹಿನಿಯಲ್ಲಿ ಪಾಠ ಬಿತ್ತರಿಸಿತು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭಿಸಿ ಮರದ ಕೆಳಗೆ, ಗುಡಿ-ಮಸೀದಿಯ ಅಂಗಳದಲ್ಲಿ ಮಕ್ಕಳನ್ನು ಕೂರಿಸಿತು. ಸೋಂಕಿನ ಸುದ್ದಿ ಬಂದಾಗ ಅಕ್ಟೋಬರ್‌ನಲ್ಲಿ ನಿಲ್ಲಿಸಿತು.

ಶಾಲೆ ಮತ್ತೆ ತೆರೆಯಿತು. ನಾವು ಮರೆತೆವು. ಆದರೆ ಆ ಕಾಲದ ಅಭ್ಯಾಸಗಳು ಹೋಗಲಿಲ್ಲ. ಹೋಂವರ್ಕ್, ಮಾದರಿ ಪ್ರಶ್ನೆಪತ್ರಿಕೆ, ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ನೋಂದಣಿ, ಫಲಿತಾಂಶ ಎಲ್ಲವೂ ಫೋನಿನಲ್ಲೇ ಉಳಿದವು. 2024ರ ಜುಲೈಯಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ದರ ಏರಿಸಿದವು. ಒಂದು ಕಂಪನಿಯ ದಿನಕ್ಕೆ 1.5 ಜಿಬಿಯ 28 ದಿನದ ಪ್ಯಾಕ್ 239 ರೂ.ಯಿಂದ 299 ರೂ.ಗೆ ಹೋಯಿತು. ಕೂಲಿ ಮಾಡುವವನಿಗೆ ಅದು ಅರ್ಧ ದಿನದ ದುಡಿಮೆ.

ಸರಕಾರ ಏನೂ ಮಾಡಿಲ್ಲವೆಂದಲ್ಲ. 2025-26ರ ಕೇಂದ್ರ ಬಜೆಟ್‌ನಲ್ಲಿ ಗ್ರಾಮೀಣ ಭಾಗದ ಎಲ್ಲ ಸರಕಾರಿ ಪ್ರೌಢಶಾಲೆಗಳಿಗೂ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡುವ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಅದು ಶಾಲೆಯ ಒಳಗೆ. ನಾಲ್ಕೂವರೆಗೆ ಗೇಟು ಮುಚ್ಚಿದ ಮೇಲೆ? ರಾಜ್ಯ ಸರಕಾರವೂ 2024ರಲ್ಲಿ ಎಸೆಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿತು. ನಕಲು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ವರ್ಷ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಮಗು ಬರೆಯುವುದನ್ನು ಕಾಯಲು ನೆಟ್ ಬಂತು, ಮಗು ಓದಲು ಬರಲಿಲ್ಲ.

ನಮ್ಮದೇ ದುಡ್ಡು, ಧ್ವನಿಮತದ ಒಪ್ಪಿಗೆ

ಇದಕ್ಕೆ ದುಡ್ಡೆಲ್ಲಿದೆ ಎಂದು ಕೇಳುವವರಿಗೆ ಉತ್ತರ ನಮ್ಮ ಜೇಬಿನಲ್ಲೇ ಇದೆ. ಟೆಲಿಕಾಂ ಕಂಪನಿಗಳು ತಮ್ಮ ವರಮಾನದ ಶೇ. 8ನ್ನು ಲೈಸೆನ್ಸ್ ಶುಲ್ಕವಾಗಿ ಸರಕಾರಕ್ಕೆ ಕಟ್ಟುತ್ತವೆ. ಅದರಲ್ಲಿ ಶೇ. 5 ಹಳ್ಳಿಗಾಡಿಗೆ ಸಂಪರ್ಕ ಒದಗಿಸುವ ನಿಧಿಗೆ ಸೇರಬೇಕು. ಕಂಪನಿಗಳ ವರಮಾನ ಎಂದರೆ ನಮ್ಮ ನಿಮ್ಮ ರೀಚಾರ್ಜ್ ತಾನೇ. ಮೊದಲು ಇದಕ್ಕೆ 'ಸಾರ್ವತ್ರಿಕ ಸೇವಾ ನಿಧಿ' ಎಂಬ ಹೆಸರಿತ್ತು. 2023ರ ದೂರಸಂಪರ್ಕ ಕಾಯ್ದೆ ಅದನ್ನು 'ಡಿಜಿಟಲ್ ಭಾರತ್ ನಿಧಿ' ಮಾಡಿತು.

ಆ ಮಸೂದೆಗೆ ಲೋಕಸಭೆ ಡಿಸೆಂಬರ್ 20ರಂದು, ರಾಜ್ಯಸಭೆ 21ರಂದು ಒಪ್ಪಿಗೆ ಕೊಟ್ಟವು. ಎರಡೂ ಕಡೆ ಧ್ವನಿಮತ. ಆ ಅಧಿವೇಶನದಲ್ಲಿ ವಿರೋಧ ಪಕ್ಷಗಳ 140ಕ್ಕೂ ಹೆಚ್ಚು ಸದಸ್ಯರು ಅಮಾನತಾಗಿದ್ದರು. ಧ್ವನಿಮತವನ್ನು ಪ್ರಶ್ನಿಸಿ 'ಮತ ಎಣಿಸಿ' ಎಂದು ಕೇಳುವ ಅವಕಾಶ ಸದಸ್ಯರಿಗಿದೆ. ಹಾಗೆ ಎಣಿಸಿದರೆ ಯಾರು ಯಾವ ಕಡೆ ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ಇಲ್ಲಿ ಉಳಿದದ್ದು 'ಹೌದು' ಎಂಬ ಸದ್ದು ಮಾತ್ರ. ಯಾದಗಿರಿ, ಶಹಾಪುರ, ಸುರಪುರ ಮೂರೂ ರಾಯಚೂರು ಲೋಕಸಭಾ ಕ್ಷೇತ್ರದಲ್ಲಿವೆ. ತಮ್ಮ ಪ್ರತಿನಿಧಿ ಅಂದು ಯಾವ ಕಡೆ ಇದ್ದರು ಎಂದು ಅಲ್ಲಿನ ಮತದಾರ ತಿಳಿಯುವಂತಿಲ್ಲ. ನಾವೂ ಅಷ್ಟೇ.

ಹಿಂದುಳಿದ ಗ್ರಾಮೀಣ ಪ್ರದೇಶ, ದೂರದ ಪ್ರದೇಶ, ನಗರದ ಹಿಂದುಳಿದ ಭಾಗ ಎಂದು ಕಾಯ್ದೆ ಆ ನಿಧಿಯ ಉದ್ದೇಶ ಹೇಳುತ್ತದೆ. ವಿದ್ಯಾರ್ಥಿಗಳಿಗೆಂದು ಅದರಲ್ಲಿ ಪ್ರತ್ಯೇಕ ಪಾಲಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಭಾರತ್‌ನೆಟ್‌ನ ಹೊಸ ಹಂತಕ್ಕೆ 1,39,579 ಕೋಟಿ ರೂ. ಮಂಜೂರು ಮಾಡಿತು. ಕೇಬಲ್ ಗ್ರಾಮ ಪಂಚಾಯತ್‌ವರೆಗೆ ಬರುತ್ತದೆ. ಅಲ್ಲಿಂದ ಮನೆಗೆ ಬೇಕಾದರೆ ತಿಂಗಳ ಬಾಡಿಗೆ ಕಟ್ಟಬೇಕು.

ನಾರಾಯಣಪುರದ ಕಾಲುವೆ ನೋಡಿದ ಸುರಪುರ, ಶಹಾಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ್ಯ ಕಾಲುವೆಯಲ್ಲಿ ಕೃಷ್ಣೆಯ ನೀರು ತುಂಬಿ ಹರಿದರೂ ಹೊಲಗಾಲುವೆ ಇಲ್ಲದಿದ್ದರೆ ಕೊನೆಯ ಹೊಲದವನ ಬೆಳೆ ಒಣಗುತ್ತದೆ. ನೆಟ್‌ನ ವಿಷಯದಲ್ಲಿ ಆ ಕೊನೆಯ ಹೊಲ ನಮ್ಮ ಮೇಸ್ತ್ರಿಯ ಮನೆ.

ಅಮೆರಿಕದಲ್ಲಿ ಎಣಿಸಿದರು

ಹೀಗೆ ಫೋನ್ ಬಿಲ್ಲಿನಿಂದ ನಿಧಿ ಕಟ್ಟುವುದು ಅಮೆರಿಕದಲ್ಲೂ ಇದೆ. ಅಲ್ಲಿನ 1996ರ ಕಾಯ್ದೆ ಶಾಲೆ ಮತ್ತು ಲೈಬ್ರರಿಗಳನ್ನು ಹೆಸರಿಸಿಯೇ ಪಾಲು ಕೊಟ್ಟಿತು. 2024ರ ಜುಲೈಯಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳು ಮನೆಗೆ ಕೊಂಡೊಯ್ಯುವ ಹಾಟ್‌ಸ್ಪಾಟ್‌ಗಳಿಗೂ ಈ ದುಡ್ಡು ಬಳಸಬಹುದು ಎಂದು 3-2 ಮತಗಳಿಂದ ತೀರ್ಮಾನಿಸಿತು. ಕಾನೂನು ಹೇಳುವುದು ತರಗತಿ ಕೊಠಡಿಗೆ ಮಾತ್ರ, ಹೆತ್ತವರ ಕಣ್ಣಿಗೆ ಬೀಳದೆ ಮಕ್ಕಳು ಏನೇನೋ ನೋಡುತ್ತಾರೆ ಎಂದು ಸೆನೆಟರ್ ಟೆಡ್ ಕ್ರೂಝ್ ಮತ್ತು ಅವರ ಕಡೆಯವರು ವಿರೋಧಿಸಿದರು. 2025ರ ಮೇ 8ರಂದು ಸೆನೆಟ್ ಆ ನಿಯಮದ ರದ್ದತಿಗೆ 50-38 ಮತ ಹಾಕಿತು. ಸೆಪ್ಟೆಂಬರ್ ಕೊನೆಗೆ ಆಯೋಗವೇ 2-1 ಮತದಿಂದ ಅದನ್ನು ಹಿಂದೆಗೆಯಿತು.

ಮಕ್ಕಳು ಸೋತರು. ಆದರೆ ಯಾರ ಮತದಿಂದ ಸೋತರು ಎಂಬುದು ಹೆಸರು ಸಮೇತ ದಾಖಲೆಯಲ್ಲಿದೆ. ಮುಂದಿನ ಚುನಾವಣೆಯಲ್ಲಿ ಒಬ್ಬ ತಾಯಿ ಅದನ್ನು ಹಿಡಿದು ಪ್ರಶ್ನೆ ಕೇಳಬಹುದು. ನಮ್ಮಲ್ಲಿ ಆ ಪ್ರಶ್ನೆಗೂ ಜಾಗವಿಲ್ಲ.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. ಕೋಝಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ವಿದ್ಯಾರ್ಥಿನಿ, ಹಾಸ್ಟೆಲ್‌ನಲ್ಲಿ ಸಂಜೆ ಹೊತ್ತು ಫೋನ್ ಬಳಸಬಾರದೆಂಬ ನಿಯಮದ ವಿರುದ್ಧ ಹೈಕೋರ್ಟಿಗೆ ಹೋದಳು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಎಂದು 2019ರ ಸೆಪ್ಟೆಂಬರ್ 19ರಂದು ತೀರ್ಪು ಬಂತು. 2023ರ ಜೂನ್ 5ರಂದು ಕೇರಳ ಸರಕಾರ ತನ್ನದೇ ಕೆ-ಫೋನ್ ಜಾಲ ಉದ್ಘಾಟಿಸಿತು. 20 ಲಕ್ಷ ಬಡ ಮನೆಗಳಿಗೆ ಉಚಿತ ನೆಟ್ ಅದರ ಗುರಿ, ಮೊದಲ ಹಂತದಲ್ಲಿ 14 ಸಾವಿರ ಮನೆ. ಅದೇ ರಾಜ್ಯದ ಸಂಸದ ವಿ. ಶಿವದಾಸನ್ 2023ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಉಚಿತ ಇಂಟರ್ನೆಟ್ ಹಕ್ಕಿನ ಖಾಸಗಿ ಮಸೂದೆ ಮಂಡಿಸಿದರು. ಅದರ ಪರಿಶೀಲನೆಗೆ ರಾಷ್ಟ್ರಪತಿಯ ಶಿಫಾರಸೂ ಸಿಕ್ಕಿತು. ಆದರೆ ಸ್ವಾತಂತ್ರ್ಯದ ನಂತರ ಸಂಸತ್ತಿನಲ್ಲಿ ಪಾಸಾದ ಖಾಸಗಿ ಸದಸ್ಯರ ಮಸೂದೆಗಳು ಬರೀ 14, ಕೊನೆಯದು 1970ರಲ್ಲಿ. ಹಾಗಾಗಿ ಅದನ್ನೇ ನಂಬಿ ಕೂರುವಂತಿಲ್ಲ.

ಬೆಂಗಳೂರಿನಲ್ಲಿ ಏನು ಕೇಳಬಹುದು?

ಎಣಿಸಿದ ಮತದಿಂದ ಏನಾಗುತ್ತದೆ ಎಂಬುದನ್ನು ಯಾದಗಿರಿ ಒಮ್ಮೆ ಕಂಡಿದೆ. 2012ರ ಕೊನೆಯಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371(ಜೆ) ಸೇರಿಸಿತು. ಸಂವಿಧಾನ ತಿದ್ದುಪಡಿಗೆ ಧ್ವನಿಮತ ಸಾಲದು. ವಿಶೇಷ ಬಹುಮತ ಬೇಕು, ಮತ ಎಣಿಸಲೇಬೇಕು. ಅದರ ಫಲವಾಗಿ ಇಂದು ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳ ಮಕ್ಕಳಿಗೆ ಸೀಟಿನಲ್ಲಿ, ಉದ್ಯೋಗದಲ್ಲಿ ಮೀಸಲಾತಿ ಇದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂ. ಘೋಷಣೆಯಾಗುತ್ತಿದೆ. ಆದರೆ ಸೀಟಿನವರೆಗೆ ತಲುಪಲು ಮೊದಲು ಹತ್ತನೇ ಕ್ಲಾಸು ಪಾಸಾಗಬೇಕಲ್ಲ?

ಹೊಸ ಕಟ್ಟಡವೂ ಬೇಡ. ಗ್ರಾಮ ಪಂಚಾಯತ್ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಯೋಜನೆಯಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವು 'ಅರಿವು ಕೇಂದ್ರ'ಗಳು. ಅವು ರಾತ್ರಿ ಎಂಟರವರೆಗೆ ತೆರೆದಿರಲಿ, ಅಲ್ಲಿ ವೈಫೈ ಇರಲಿ. ಗುಳೆ ಹೋದ ಮನೆಯ ಎಸೆಸೆಲ್ಸಿ, ಪಿಯುಸಿ ಮಕ್ಕಳಿಗೆ ಪರೀಕ್ಷೆಯ ನಾಲ್ಕು ತಿಂಗಳಿಗಾದರೂ ಡೇಟಾ ಸಿಗಲಿ. ವಿಧಾನಸಭೆಯಲ್ಲಿ ಯಾವುದೇ ಜಿಲ್ಲೆಯ ಶಾಸಕರೂ ಈ ಬೇಡಿಕೆ ಇಡಬಹುದು. ನಮ್ಮ ಕರಾವಳಿಯ ಶಾಸಕರೂ ಇಡಬಹುದು.

ನಮ್ಮ ಮನೆಯೊಳಗೂ ಒಂದು ಮತ

ಇಷ್ಟು ಹೇಳಿ ನಮ್ಮನ್ನು ನಾವೇ ಕೇಳಿಕೊಳ್ಳದಿದ್ದರೆ ಅದು ಮೋಸ. ಟೆಡ್ ಕ್ರೂಝ್ ಹೇಳಿದ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ: "ಹುಡುಗಿ ಕೈಗೆ ಫೋನ್ ಕೊಟ್ಟರೆ ಹಾಳಾಗ್ತಾಳೆ." ಮಗನ ಕೈಯಲ್ಲಿ ರಾತ್ರಿ ಹನ್ನೆರಡರವರೆಗೆ ಗೇಮ್ ಓಡುತ್ತಿರುತ್ತದೆ, ಅದಕ್ಕೆ ಮಾತಿಲ್ಲ. ಭಯ ಸುಳ್ಳಲ್ಲ. ಉಮ್ಮನ ಕಣ್ಣೆದುರು, ಮನೆಯ ನಡುಕೋಣೆಯಲ್ಲಿ, ಹೊತ್ತು ಗೊತ್ತು ಮಾಡಿ ಕೊಟ್ಟರೆ ಆ ಭಯಕ್ಕೂ ದಾರಿಯಿದೆ. ಪೂರ್ತಿ ಕಿತ್ತುಕೊಂಡರೆ ಓದೂ ಹೋಗುತ್ತದೆ. 'ಇಖ್ರಅ್' ಎಂದು ಶುರುವಾದ ದೀನ್ ನಮ್ಮದು. ಓದು ಎಂಬ ಆ ಮಾತಿನಲ್ಲಿ ಗಂಡು ಹೆಣ್ಣಿನ ಭೇದವಿಲ್ಲ.

ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಬೆಳಗ್ಗೆ ಮದ್ರಸ ಬಿಟ್ಟ ಮೇಲೆ ಹಾಲ್ ಖಾಲಿ. ಮಗ್ರಿಬ್‌ನಿಂದ ಇಶಾದವರೆಗೆ ಒಂದು ವೈಫೈ, ಎರಡು ಕಂಪ್ಯೂಟರ್, ಕಣ್ಣಿಡಲು ಒಬ್ಬ ಉಸ್ತಾದ್ ಅಥವಾ ನಿವೃತ್ತ ಮೇಷ್ಟ್ರು ಇದ್ದರೆ ಸಾಕು. ಕೆಲಸಕ್ಕೆಂದು ನಮ್ಮ ಊರಿಗೆ ಬಂದವರ ಮಕ್ಕಳೂ ಅಲ್ಲಿ ಕೂರಲಿ, ಯಾವ ಧರ್ಮದವರಾದರೂ ಸರಿ. ನಮ್ಮ ಸೂರು ಕಟ್ಟಿದವರ ಮಕ್ಕಳಿಗೆ ಅಷ್ಟು ಜಾಗ ಕೊಡುವುದು ದಾನವಲ್ಲ, ಬಾಕಿ ಸಾಲ.

ಆ ದಿನ ಮೇಸ್ತ್ರಿ ಪ್ರಶ್ನೆಪತ್ರಿಕೆಯನ್ನು ನಮಗೆ ಕಳಿಸಿದರು. ನಾವು ಪ್ರಿಂಟ್ ತೆಗೆದು ಕೊಟ್ಟೆವು. ಶನಿವಾರ ರಾತ್ರಿ ಊರಿಗೆ ಹೊರಟಿದ್ದ ಅವರ ಅಣ್ಣನ ಕೈಯಲ್ಲಿ ಅದು ಬಸ್ ಹತ್ತಿತು. ಮಗಳಿಗೆ ಸೋಮವಾರ ಟೆಸ್ಟ್. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅದು ಅವಳ ಕೈ ಸೇರಿರಬೇಕು. ಸೆಕೆಂಡಿನಲ್ಲಿ ಮುಟ್ಟಬೇಕಿದ್ದ ಎರಡು ಪುಟಕ್ಕೆ ಮೂರು ದಿನ ಹಿಡಿಯಿತು.

ಮುಂದಿನ ಸಲ ಮತ ಕೇಳಲು ಬಂದವರಿಗೆ ಚಹಾ ಕೊಡೋಣ, ಸಲಾಂ ಹೇಳೋಣ. ಆಮೇಲೆ ಒಂದೇ ಪ್ರಶ್ನೆ ಕೇಳೋಣ: "ಶಾಲೆ ಬಿಟ್ಟ ಮೇಲೆ ಬಡ ಮಕ್ಕಳ ಓದಿಗೆ ನೆಟ್ ಕೊಡುವ ಮಾತು ಸದನದಲ್ಲಿ ಬಂದರೆ ನೀವು ಯಾವ ಕಡೆ? ನಿಮ್ಮ ಹೆಸರು ದಾಖಲೆಯಲ್ಲಿ ಇರುತ್ತದೆಯೇ?"