ನೀಲಾಂಜನೆಯ ಸಭೆ

ವೃಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂತಹ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆ ಮೆಚ್ಚುತ್ತಲೇ ಇತ್ತು. ಹೋದವಳನ್ನು ಗುರುತಿಸಿದವನು ವೃಷಭದೇವನೊಬ್ಬನೇ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದ ಈ ಪ್ರಸಂಗವನ್ನು ಅವನ ವೈರಾಗ್ಯಕ್ಕಾಗಿ ಸ್ಮರಿಸುತ್ತೇವೆ. ಸಭೆಯ ಮಾತು ಪ್ರವಚನಗಳಲ್ಲಿ ಬರುವುದು ಕಡಿಮೆ.

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಟಿ.ವಿ.ಯ ಮುಂದೆ ಕುಳಿತು ಅನಿಲ್ ಕುಂಬ್ಳೆಯವರನ್ನು ಕೊಂಡಾಡಿದವರೂ ಅಂತಹ ಸಭೆಯವರೇ. 1999ರಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ ಅವರು ದೇವರಾದರು. 2008ರ ಅಕ್ಟೋಬರ್‌ನಲ್ಲಿ, ತವರು ಬೆಂಗಳೂರಿನ ಟೆಸ್ಟ್‌ನಲ್ಲಿ ಒಂದು ವಿಕೆಟ್ಟೂ ದಕ್ಕದೆ ಹೋದಾಗ, ‘ಇನ್ನೇಕೆ ಆಡಬೇಕು’ ಎಂಬ ಮಾತು ಎದ್ದಿತು.

ದ್ರವ್ಯ ಉಳಿಯುವುದು, ಪರ್ಯಾಯ ಅಳಿಯುವುದು ಎಂಬುದು ಜಿನಮತ. ಅಭಿಮಾನಿ ಹಿಡಿದದ್ದು ಪರ್ಯಾಯವನ್ನು, ಅಂದರೆ ತನಗೆ ಸುಖ ಕೊಟ್ಟ ವಿಕೆಟ್ಟನ್ನು. ಅದು ನಿಂತೊಡನೆ ರಾಗವು ಮತ್ತೊಬ್ಬ ಬೌಲರನತ್ತ ಹರಿಯಿತು. ಇದಕ್ಕೆ ನಿಷ್ಠೆಯೆಂಬ ಹೆಸರು ದೊಡ್ಡದಾಯಿತು. ಅಂಗಡಿಯ ಗಲ್ಲೆಯಿಂದ ಎದ್ದ ಅಜ್ಜನನ್ನು, ನೇಗಿಲು ಬಿಟ್ಟ ತಂದೆಯನ್ನು ಮನೆಯವರು ನೋಡುವ ಕಣ್ಣೂ ಎಷ್ಟೋ ವೇಳೆ ಇದೇ.

ತತ್ತ್ವಾರ್ಥಸೂತ್ರವು ಗುಣಾಧಿಕರಲ್ಲಿ ಪ್ರಮೋದವಿರಲಿ ಎನ್ನುತ್ತದೆ. ಪ್ರಮೋದವು ಗುಣವನ್ನು ನೋಡುತ್ತದೆ, ಲಾಭವನ್ನಲ್ಲ. ಅದೇ ಕೋಟ್ಲಾದಲ್ಲಿ ಬೆರಳಿಗೆ ಹನ್ನೊಂದು ಹೊಲಿಗೆ ಬಿದ್ದರೂ ಕುಂಬ್ಳೆ ಪಟ್ಟಿ ಕಟ್ಟಿಕೊಂಡು ಮರಳಿ ಬೌಲ್ ಮಾಡಿದರು. ನವೆಂಬರ್ 2ರಂದು, 619 ವಿಕೆಟ್‌ಗಳೊಡನೆ, ತಾವೇ ವಿದಾಯ ಹೇಳಿದರು. ಸಹ ಆಟಗಾರರು ಅವರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು.